'ಗುರುಗಳಿಗೆ ನಾವು ಸದಾ ಕೃತಘ್ನರು': ಕರಾವಳಿಯ ಸಂಪಾದಕರಿಗೆ, ಪ್ರಕಾಶಕರಿಗೆ ಒಂದು ಬಹಿರಂಗ ಪತ್ರ

ಗೆ,
ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳ ಪತ್ರಿಕಾ ಸಂಪಾದಕರು, ಪುಸ್ತಕ ಪ್ರಕಾಶಕರು, ಮುದ್ರಣಾಲಯದ ಮಾಲಕರು, ಸ್ಮರಣ ಸಂಚಿಕೆ ತರುವ ಸಮಿತಿಗಳ ಹಿರಿಯರು

ಮಾನ್ಯರೇ,

ಹೋದ ತಿಂಗಳು ಉಡುಪಿ ಹತ್ತಿರದ ಒಂದು ಊರಿನಲ್ಲಿ ಪುಸ್ತಕ ಬಿಡುಗಡೆ ಇತ್ತು. ತೀರಿಹೋದ ಕನ್ನಡ ಮಾಸ್ಟ್ರೊಬ್ಬರ ನೆನಪಿನ ಪುಸ್ತಕ. ಶಿಷ್ಯರೆಲ್ಲ ಸೇರಿ ದುಡ್ಡು ಹಾಕಿ ತಂದದ್ದು. ಬಿಡುಗಡೆಯ ಹಿಂದಿನ ಸಂಜೆ ಐದು ಗಂಟೆಗೆ ಪ್ರೆಸ್ಸಿನಿಂದ ಕಟ್ಟುಗಳು ಬಂದವು. 500 ಪ್ರತಿ. ಮಾಸ್ಟ್ರ ಮಗಳು ಒಂದು ಕಟ್ಟು ಬಿಚ್ಚಿ ಮೊದಲ ಪ್ರತಿಯನ್ನು ದೇವರ ಮುಂದೆ ಇಟ್ಟರು. ಆಮೇಲೆ ಕನ್ನಡಕ ಹಾಕಿಕೊಂಡು ಪುಟ ತಿರುವಿದರು. ಮೂರನೇ ಪುಟದಲ್ಲಿ ಅಪ್ಪನ ದೊಡ್ಡ ಫೋಟೊ. ಅದರ ಕೆಳಗೆ ದಪ್ಪ ಅಕ್ಷರದಲ್ಲಿ ಒಂದು ಸಾಲು: 'ನಮಗೆ ಅಕ್ಷರ ಕಲಿಸಿದ ಗುರುಗಳಿಗೆ ನಾವು ಸದಾ ಕೃತಘ್ನರು.'

ಕೃತಜ್ಞ ಎಂದರೆ ಮಾಡಿದ ಉಪಕಾರವನ್ನು ನೆನೆಯುವವನು. ಕೃತಘ್ನ ಎಂದರೆ ಉಂಡ ಮನೆಗೆ ಎರಡು ಬಗೆಯುವವನು. ವ್ಯತ್ಯಾಸ ಒಂದೇ ಅಕ್ಷರದ್ದು.

ಪೆನ್ನಿನಲ್ಲಿ ತಿದ್ದೋಣ ಎಂದರೆ 'ಘ್ನ'ವನ್ನು 'ಜ್ಞ' ಮಾಡಲು ಬರುವುದಿಲ್ಲ. ಗೀಚಿದರೆ ಫೋಟೊದ ಕೆಳಗೆ ಮಸಿ ಚೆಲ್ಲಿದ ಹಾಗೆ ಕಾಣುತ್ತದೆ. ಕೊನೆಗೆ ಮೊಮ್ಮಗ ಮನೆಯ ಪ್ರಿಂಟರಿನಲ್ಲಿ ಆ ಸಾಲನ್ನು ಸರಿಯಾಗಿ 500 ಸಲ ಅಚ್ಚು ಹಾಕಿದ. ಮನೆಯ ಹೆಂಗಸರು ಕತ್ತರಿ ಹಿಡಿದರು. ನಾನೂ ಮಾಸ್ಟ್ರ ಶಿಷ್ಯ, ಗೋಂದು ಹಚ್ಚುವ ಕೆಲಸ ನನಗೆ ಬಂತು. ರಾತ್ರಿ ಎರಡು ಗಂಟೆಯವರೆಗೆ ಕೂತು ಒಂದೊಂದು ಪ್ರತಿಗೂ ಚೀಟಿ ಅಂಟಿಸಿದೆವು. ಒಳಗೆ ಇನ್ನೊಂದು ಕಡೆ 'ಶೃದ್ಧಾಂಜಲಿ' ಎಂದಿತ್ತು. ಶ್ರದ್ಧೆಯ 'ಶ್ರ'ಕ್ಕೆ ಬದಲು 'ಶೃ'. ಅದನ್ನು ನೋಡಿಯೂ ನೋಡದವರ ಹಾಗೆ ಬಿಟ್ಟೆವು.

ಮಾಸ್ಟ್ರು ಎಂಥವರು ಎಂದರೆ, ಊರಿನ ಯಾವ ಮದುವೆ ಕಾಗದ ಬಂದರೂ ಮೊದಲು ಕೆಂಪು ಪೆನ್ನು ಹುಡುಕುತ್ತಿದ್ದರು. ತಿದ್ದಿ ಮುಗಿಸಿ, 'ಊಟಕ್ಕೆ ಬರುತ್ತೇನೆ, ಆದರೆ ಕಾಗದದಲ್ಲಿ ಆರು ತಪ್ಪುಗಳಿವೆ' ಎಂದು ವಾಪಸು ಕೊಡುತ್ತಿದ್ದರು.

ಈ ಪತ್ರ ಆ ಪ್ರೆಸ್ಸಿನ ಮೇಲಿನ ದೂರಲ್ಲ. ದೂರು ಹೇಳುವುದಾದರೆ ಮೊದಲು ನನ್ನ ಮೇಲೆಯೇ ಹೇಳಬೇಕು. ಪುಸ್ತಕದ ಪಿಡಿಎಫ್ ಹತ್ತು ದಿನ ಮೊದಲೇ ಶಿಷ್ಯರ ವಾಟ್ಸ್ಆ್ಯಪ್ ಗ್ರೂಪಿಗೆ ಬಂದಿತ್ತು. 'ಎಲ್ಲರೂ ಒಮ್ಮೆ ನೋಡಿ' ಎಂದು ಹಾಕಿದ್ದರು. ನಲವತ್ತಕ್ಕಿಂತ ಜಾಸ್ತಿ ಜನ ಕೈಮುಗಿದ ಚಿತ್ರ ಹಾಕಿದೆವು. ನಾನೂ ಹಾಕಿದೆ. ಮೂವತ್ತೊಂದು ವರ್ಷ ಪ್ರೂಫ್ (ಅಚ್ಚಿನ ಕರಡು) ನೋಡಿಯೇ ಅನ್ನ ಉಂಡವನು ಆ ಫೈಲನ್ನು ತೆರೆಯಲೇ ಇಲ್ಲ. 'ಎಲ್ಲರೂ ನೋಡಿ' ಎಂದರೆ ಯಾರೂ ನೋಡುವುದಿಲ್ಲ, ಅಲ್ವಾ?

ನಾನು ಮಂಗಳೂರಿನ ಒಂದು ಸಣ್ಣ ಪ್ರೆಸ್ಸಿಗೆ ಸೇರಿದಾಗ ಮೊಳೆ ಜೋಡಿಸುವ ಕಾಲ. ಸೀಸದ ಅಕ್ಷರಗಳು ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಕೊಂಡಿರುತ್ತವೆ. ಮೊಳೆ ಜೋಡಿಸುವವರು ಅದನ್ನು ನಾವು ಪೇಪರ್ ಓದಿದಷ್ಟೇ ಸಲೀಸಾಗಿ ಓದುತ್ತಿದ್ದರು. ಜೋಡಿಸಿದ ಮೊಳೆಗಳನ್ನು ಇಟ್ಟ ತಟ್ಟೆಗೆ, ಅಂದರೆ ಗ್ಯಾಲಿಗೆ, ಮಸಿ ಸವರಿ, ಕಾಗದ ಒತ್ತಿ, ಮೊದಲ ಪ್ರೂಫ್ ತೆಗೆಯುತ್ತಿದ್ದರು. ಅದನ್ನು ಒಬ್ಬನೇ ನೋಡುವ ಕ್ರಮ ಇರಲಿಲ್ಲ. ಒಬ್ಬ ಹುಡುಗ ಹಸ್ತಪ್ರತಿಯನ್ನು ಗಟ್ಟಿಯಾಗಿ ಓದಬೇಕು. ಸುಮ್ನೆ ಓದಿದರೆ ಸಾಲದು, ಅಲ್ಪವಿರಾಮ, ಪೂರ್ಣವಿರಾಮ, ಒತ್ತು, ದೀರ್ಘ ಎಲ್ಲ ಹೇಳಬೇಕು. ನಾನು ಪೆನ್ಸಿಲ್ ಹಿಡಿದು ಪ್ರೂಫಿನ ಮೇಲೆ ಕಣ್ಣು ಓಡಿಸಬೇಕು. ತಿದ್ದಿದ ಮೇಲೆ ಎರಡನೇ ಪ್ರೂಫ್. ಅದು ಸರಿಯಾದ ಮೇಲೆ ಲೇಖಕರ ಮನೆಗೆ. ಮೆಷಿನ್ನಿಗೆ ಏರಿಸಿದ ಮೇಲೂ ಮೊದಲ ಹಾಳೆಯನ್ನು ಹಿರಿಯರೊಬ್ಬರು ನೋಡಿ ಸಹಿ ಹಾಕಬೇಕು. ಸಹಿ ಬೀಳದೆ ಟ್ರೆಡಲ್ (ಕಾಲಿನಲ್ಲಿ ನಡೆಸುವ ಅಚ್ಚಿನ ಮೆಷಿನ್) ತುಳಿಯುವ ಹಾಗಿಲ್ಲ.

ಇಷ್ಟು ಜಾಗ್ರತೆ ಯಾಕೆ ಎಂದರೆ, ಒಂದು ಅಕ್ಷರ ಬದಲಿಸುವುದೇ ದೊಡ್ಡ ಕೆಲಸ. ಕಟ್ಟಿದ ಚೌಕಟ್ಟು ಸಡಿಲಿಸಬೇಕು. ಚಿಮಟದಲ್ಲಿ ಮೊಳೆ ಎಬ್ಬಿಸಬೇಕು. ಹೊಸ ಅಕ್ಷರ ಸ್ವಲ್ಪ ಅಗಲ ಇದ್ದರೆ ಇಡೀ ಸಾಲನ್ನು ಮತ್ತೆ ಹೊಂದಿಸಬೇಕು. ಕೈ ತಪ್ಪಿದರೆ ಪುಟಕ್ಕೆ ಪುಟವೇ ನೆಲಕ್ಕೆ ಚೆಲ್ಲಿ ಹೋಗುತ್ತದೆ. ಆ ಹೆದರಿಕೆಗೆ ಎಲ್ಲರೂ ಮೊದಲೇ ನೋಡುತ್ತಿದ್ದರು. ಈಗ ತಿದ್ದಲು ಒಂದು ಸೆಕೆಂಡು ಸಾಕು. ಅದಕ್ಕೇ 'ಆಮೇಲೆ ತಿದ್ದಿದರಾಯಿತು' ಎಂಬ ಧೈರ್ಯ. ಆ ಆಮೇಲೆ ಬರುವುದರೊಳಗೆ ಪುಸ್ತಕ ಬಂದಿರುತ್ತದೆ.

ಆಗ ತಪ್ಪೇ ಆಗುತ್ತಿರಲಿಲ್ಲ ಎಂದು ಸುಳ್ಳು ಹೇಳುವುದಿಲ್ಲ. ಮದುವೆ ಕಾಗದಕ್ಕೆ ಪ್ರತಿ ಸಲ ಹೊಸದಾಗಿ ಮೊಳೆ ಜೋಡಿಸುವುದಿಲ್ಲ. ಹಿಂದಿನ ಗಿರಾಕಿಯ ಕಾಗದದ ಚೌಕಟ್ಟನ್ನು ಕಟ್ಟಿಯೇ ಇಡುತ್ತಿದ್ದೆವು. ಹೆಸರು, ತಾರೀಕು, ಹಾಲ್ ಬದಲಿಸಿದರೆ ಆಯಿತು. ಒಮ್ಮೆ ಹಿಂದಿನವರ 'ದಿ.' ಹಾಗೆಯೇ ಉಳಿದುಹೋಯಿತು. ನನ್ನ ಕಣ್ಣು ಹೆಸರನ್ನು ನೋಡಿತು, ಹೆಸರಿನ ಮುಂದಿದ್ದ ಒಂದು ಅಕ್ಷರ ಮತ್ತು ಒಂದು ಚುಕ್ಕೆಯನ್ನು ನೋಡಲಿಲ್ಲ. ಮೂರು ದಿನ ಕಳೆದು ಪಂಚೆ ಉಟ್ಟ ಹಿರಿಯರೊಬ್ಬರು ಪ್ರೆಸ್ಸಿಗೆ ಬಂದರು. ಕಾಗದವನ್ನು ಮೇಜಿನ ಮೇಲೆ ಇಟ್ಟು, 'ಮಾರಾಯ್ರೇ, ಮಗಳ ಮದುವೆಗೆ ನಾನು ಬರಬಹುದಾ?' ಎಂದು ಕೇಳಿದರು. ಮಾಲಕರು ಖರ್ಚಿಲ್ಲದೆ ಬೇರೆ ಅಚ್ಚು ಹಾಕಿಸಿ ಕೊಟ್ಟರು. ನನ್ನ ಸಂಬಳದಲ್ಲಿ ಹಿಡಿಯಲಿಲ್ಲ. ಆದರೆ ಆ 'ದಿ.' ಕಾಗದವನ್ನು ನನ್ನ ಮೇಜಿನ ಎದುರಿನ ಗೋಡೆಗೆ ಅಂಟಿಸಿದರು. ಆರು ವರ್ಷ ಅಲ್ಲೇ ಇತ್ತು.

'ಅರ್ಥ ಆದರೆ ಸಾಕಲ್ವಾ, ಒಂದು ಅಕ್ಷರಕ್ಕೆ ಇಷ್ಟು ಗಲಾಟೆ ಯಾಕೆ?' ಎಂದು ಕೇಳುವವರಿದ್ದಾರೆ. ಬೇರೆ ಊರಿನ ಕಥೆ ಬೇರೆ ಇರಬಹುದು. ನಮ್ಮ ಊರಿನದ್ದು ಹೇಳುತ್ತೇನೆ. ಇಲ್ಲಿ ಎಷ್ಟೋ ಮನೆಗಳ ಒಳಗಿನ ಮಾತು ತುಳು. ಕೆಲವು ಕಡೆ ಕೊಂಕಣಿ, ಕೆಲವು ಕಡೆ ಬ್ಯಾರಿ. ಕುಂದಾಪುರದವರಿಗೆ, ಹವ್ಯಕರಿಗೆ ಮನೆಯಲ್ಲೇ ಕನ್ನಡ ಉಂಟು, ಆದರೆ ಬರೆಯುವ ಕನ್ನಡ ಅದಲ್ಲ. ನನ್ನ ಅಮ್ಮ ಜೋಗುಳ ಹಾಡಿದ್ದು ತುಳುವಿನಲ್ಲಿ. ಕನ್ನಡ ನನಗೆ ಸಿಕ್ಕಿದ್ದು ಒಂದನೇ ಕ್ಲಾಸಿನಲ್ಲಿ, ಅಚ್ಚಾದ ಪುಸ್ತಕದಿಂದ. ಬೆಂಗಳೂರಿಗೆ ಹೋದರೆ 'ನೀವು ಮಂಗಳೂರಿನವರು ಪುಸ್ತಕ ಓದಿದ ಹಾಗೆ ಮಾತಾಡ್ತೀರಿ' ಎಂದು ನಗುತ್ತಾರೆ. ನಗಲಿ. ಪುಸ್ತಕ ಓದಿಯೇ ಕಲಿತವರು ಇನ್ನು ಹೇಗೆ ಮಾತಾಡಬೇಕು?

ನನ್ನ ಮಾತೆಲ್ಲ ಇರುವುದು ಇಲ್ಲಿಯೇ. ಕನ್ನಡವೇ ಮನೆಮಾತಾದ ಊರಿನಲ್ಲಿ ಅಚ್ಚಿನ ಎಷ್ಟೋ ತಪ್ಪುಗಳನ್ನು ಓದುಗನ ಕಿವಿಯೇ ತಿದ್ದಿಬಿಡುತ್ತದೆ. ನಮಗೆ ಆ ಕಿವಿ ಇಲ್ಲ. ನಮಗೆ ಅಚ್ಚಿನಲ್ಲಿ ಬಂದದ್ದೇ ಕನ್ನಡ. ಹತ್ತು ಸಲ ಫ್ಲೆಕ್ಸಿನಲ್ಲಿ 'ಶುಭಾಶಯ'ದ ಬದಲು 'ಶುಭಾಷಯ' ಎಂದು ಕಂಡ ಮಗು ಪರೀಕ್ಷೆಯಲ್ಲಿ 'ಶುಭಾಷಯ' ಎಂದೇ ಬರೆಯುತ್ತದೆ. ಅದರ ಟೀಚರ್ ತಿದ್ದಬಹುದು ಅನ್ನುತ್ತೀರಾ? ಆ ಟೀಚರ್ ಕೂಡ ಅದೇ ಫ್ಲೆಕ್ಸ್ ನೋಡಿಕೊಂಡೇ ಶಾಲೆಗೆ ಬರುವುದು.

ಅಚ್ಚಿನ ಜೊತೆ ಈ ಊರಿನ ಸಂಬಂಧ ಇವತ್ತಿನದ್ದಲ್ಲ. 1843ರ ಜುಲೈ 1ರಂದು ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಹೊರಟಿದ್ದು ಇಲ್ಲಿಂದಲೇ. ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಅದನ್ನು ಕಲ್ಲಚ್ಚಿನಲ್ಲಿ ತಂದರು. ಕೇಶಿರಾಜನ 'ಶಬ್ದಮಣಿದರ್ಪಣ' 13ನೇ ಶತಮಾನದ ವ್ಯಾಕರಣ. ಅದನ್ನು ಅದೇ ಮಿಷನ್ನಿನ ಕಿಟ್ಟೆಲ್ ಮಂಗಳೂರಿನಲ್ಲಿ 1872ರಲ್ಲಿ ಅಚ್ಚು ಹಾಕಿಸಿದರು. 1894ರಲ್ಲಿ ಇಲ್ಲಿಂದಲೇ ಅವರ ನಿಘಂಟು ಬಂತು, ಸುಮಾರು 70 ಸಾವಿರ ಪದಗಳದ್ದು. ಅಷ್ಟನ್ನೂ ಮೊಳೆ ಜೋಡಿಸಿದವರು, ಪ್ರೂಫ್ ನೋಡಿದವರು ಇದ್ದರಲ್ಲ. ಕನ್ನಡ, ಇಂಗ್ಲಿಷ್ ಎರಡೂ ಒಂದೇ ಸಾಲಿನಲ್ಲಿ. ಆ ಪುಟಗಳನ್ನು ನೋಡಿದಾಗಲೆಲ್ಲ ನನಗೆ ಕಿಟ್ಟೆಲರಿಗಿಂತ ಮೊದಲು ಆ ಪ್ರೂಫ್ ನೋಡಿದವರ ಕಣ್ಣುಗಳು ನೆನಪಾಗುತ್ತವೆ.

ಇನ್ನು ಸ್ವಲ್ಪ ದಿನದಲ್ಲಿ ಜುಲೈ 1 ಬರುತ್ತದೆ. ಪತ್ರಿಕಾ ದಿನ. ಎಲ್ಲ ಕಡೆ ಮೋಗ್ಲಿಂಗ್ ಹೆಸರು ಹೇಳಿ ಭಾಷಣ ಮಾಡುತ್ತೇವೆ. ಕೆಲವು ವರ್ಷದ ಹಿಂದೆ ಅಂಥದ್ದೇ ಒಂದು ಕಾರ್ಯಕ್ರಮದ ಆಮಂತ್ರಣ ನನಗೂ ಬಂದಿತ್ತು. ಮೇಲೆ ದೊಡ್ಡದಾಗಿ 'ಪತ್ರೀಕಾ ದಿನಾಚಾರಣೆ' ಎಂದಿತ್ತು. ಎರಡು ಪದ, ಎರಡು ತಪ್ಪು. ನಾನು ಹೋಗಲಿಲ್ಲ. ಹೋಗಿದ್ದರೆ ಊಟ ಚೆನ್ನಾಗಿತ್ತಂತೆ.

ತಪ್ಪು ಮಾಡುವವರೆಲ್ಲ ದಡ್ಡರು ಎಂದು ನಾನು ಹೇಳುವುದಿಲ್ಲ. ಯಾವ ತಪ್ಪಿಗೆ ಏನು ಕಾರಣ ಎಂದು ನೋಡಿದರೆ ಬೈಯುವ ಮನಸ್ಸೇ ಬರುವುದಿಲ್ಲ. ತುಳುವಿನ ಸ್ವಂತ ಪದಗಳಲ್ಲಿ ಮಹಾಪ್ರಾಣ ಇಲ್ಲ. ದ, ಧ ಎರಡೂ ನಮ್ಮ ಬಾಯಿಯಲ್ಲಿ ಒಂದೇ. ಹಾಗಾಗಿ ದೇವಸ್ಥಾನದ ರಶೀದಿ ಪುಸ್ತಕದಲ್ಲಿ 'ದನಸಹಾಯ' ಎಂದು ಅಚ್ಚಾಗುತ್ತದೆ. ಧನ ಕೊಡಲು ಬಂದವರು ದನ ಹೊಡೆದುಕೊಂಡು ಬರಬೇಕಾ? ದೇವಸ್ಥಾನದ ಬ್ರಹ್ಮಕಲಶ ಉತ್ಸವದ ಆಮಂತ್ರಣದಲ್ಲಿ 'ಮದ್ಯಾಹ್ನ 12.30ಕ್ಕೆ ಮಹಾಪೂಜೆ' ಎಂದು ಬರುತ್ತದೆ. ಮಧ್ಯದ 'ಧ'ಕ್ಕೆ ಕೆಳಗೊಂದು ಗೀಟು ತಪ್ಪಿದರೆ ಅದು ಮದ್ಯ. ಇನ್ನು ಕೆಲವರಿಗೆ ಹೆದರಿಕೆ ಜಾಸ್ತಿ. ಎಲ್ಲಿ ತಪ್ಪುತ್ತದೋ ಎಂದು ಬೇಡದ ಕಡೆಗೂ ಗೀಟು ಎಳೆಯುತ್ತಾರೆ. 'ವಿಧ್ಯಾರ್ಥಿ' ಹುಟ್ಟಿದ್ದು ಹಾಗೆ.

ಋ ಅಕ್ಷರದ ಕಥೆ ಇನ್ನೂ ಪಾಪ. ಅದನ್ನು ನಾವು 'ರು' ಎಂದು ಹೇಳುತ್ತೇವೆ. ಕೃ, ಕ್ರು, ಕ್ರ ಅವಸರದಲ್ಲಿ ಹೇಳಿದರೆ ಎಲ್ಲ ಒಂದೇ ಹಾಗೆ ಕೇಳುತ್ತವೆ. ಹಾಗಾಗಿ 'ಸಂಸ್ಕ್ರತಿ', 'ಕ್ರಷ್ಣ', 'ವಿಜ್ರಂಭಣೆ'. ಉಡುಪಿಯಲ್ಲಿ ಕೃಷ್ಣನ ಹೆಸರನ್ನೇ ತಪ್ಪು ಬರೆದರೆ ಇನ್ನು ಯಾರ ಹೆಸರು ಉಳಿಯುತ್ತದೆ ಹೇಳಿ. ಮನೆ ಒಕ್ಕಲಿನ ಕಾಗದದಲ್ಲಿ 'ಗ್ರಹಪ್ರವೇಶ' ಎಂದು ನಾನೇ ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಒಮ್ಮೆ ಹತ್ತಿರದ ಸಂಬಂಧಿಗೆ ಕೇಳಿಯೇ ಬಿಟ್ಟೆ, 'ಯಾವ ಗ್ರಹದ ಪ್ರವೇಶ? ಶನಿಯದ್ದೋ ರಾಹುವಿನದ್ದೋ?' ಅವನು ಒಂದು ವರ್ಷ ಮಾತು ಬಿಟ್ಟ. ಮಾಸ್ಟ್ರ ಹಾಗೆ ತಿದ್ದುವ ಅಧಿಕಾರ ಎಲ್ಲರಿಗೂ ಇರುವುದಿಲ್ಲ.

ಇನ್ನೊಂದು ಅರ್ಕಾವತ್ತು. ಆಶೀರ್ವಾದ ಎನ್ನುವಾಗ 'ರ್' ಕೇಳುವುದು 'ಶೀ' ಆದ ಕೂಡಲೇ. ಆದರೆ ಅದರ ಗುರುತನ್ನು ಬರೆಯುವುದು ಮುಂದಿನ 'ವಾ' ಆದ ಮೇಲೆ. ಕಿವಿಯನ್ನು ನಂಬಿದವರು 'ಶೀ' ಪಕ್ಕದಲ್ಲೇ ಅದನ್ನು ಹಾಕುತ್ತಾರೆ. ಓದಿದರೆ 'ಆರ್ಶೀವಾದ'. ಮದುವೆ ಕಾಗದಗಳಲ್ಲಿ ಆಶೀರ್ವಾದಕ್ಕಿಂತ ಆರ್ಶೀವಾದ ಪಡೆದ ಜೋಡಿಗಳೇ ಜಾಸ್ತಿ ಇರಬೇಕು.

ಕೋಟಿ, ಅಂತರ ಸೇರಿದರೆ ಕೋಟ್ಯಂತರ, ಕೋಟ್ಯಾಂತರ ಅಲ್ಲ. ಜಾತಿ, ಅತೀತ ಸೇರಿದರೆ ಜಾತ್ಯತೀತ. ಪ್ರಾಮುಖ್ಯ ಎಂದರೆ ಮುಗಿಯಿತು, ಅದಕ್ಕೆ ಮತ್ತೊಂದು 'ತೆ' ಬೇಡ. ಸ್ವಾತಂತ್ರ್ಯ ದಿನದ 'ಯ' ಒತ್ತು ಪ್ರತಿ ಆಗಸ್ಟಿನಲ್ಲಿ ಕಾಣೆಯಾಗುತ್ತದೆ. ಇವೆಲ್ಲ ಹೇಳಿ ಹೇಳಿ ಹಳತಾದವು. ಒಂದು ಹಾಳೆಯಲ್ಲಿ ಬರೆದು ಕಂಪ್ಯೂಟರಿನ ಪಕ್ಕ ಅಂಟಿಸಿದರೆ ಸಾಕು.

ಪತ್ರಿಕೆಯವರಿಗೆ ಹೇಳಬೇಕಾದದ್ದು ಬೇರೆ. ನಿಮ್ಮಲ್ಲಿ ಕಾಗುಣಿತದ ತಪ್ಪಿಗಿಂತ ವಾಕ್ಯದ ತಪ್ಪು ನನಗೆ ಜಾಸ್ತಿ ಕಾಣುತ್ತದೆ. 'ಗಾಳಿಗೆ ಹತ್ತು ಮರಗಳು ಉರುಳಿದೆ' ಎಂದು ಬರೆಯುತ್ತೀರಿ. ಮಾತಿನಲ್ಲಿ ನಡೆಯುತ್ತದೆ, ನಾನೂ ಹಾಗೆಯೇ ಹೇಳುತ್ತೇನೆ. ಬರೆಯುವಾಗ ಮರಗಳು ಉರುಳಿವೆ. ಇನ್ನು ತಲೆಬರಹ. 'ಚಿರತೆ ಕೊಂದ ಯುವಕನ ಮನೆಗೆ ಅಧಿಕಾರಿಗಳು' ಎಂದು ಹಾಕಿದರೆ ಓದುಗ ಏನು ತಿಳಿಯಬೇಕು? ಅಧಿಕಾರಿಗಳು ಸಮಾಧಾನ ಹೇಳಲು ಹೋದರೋ ಹಿಡಿದುಕೊಂಡು ಬರಲು ಹೋದರೋ? ಕನ್ನಡದಲ್ಲಿ 'ಕೊಂದ' ಎಂಬ ಪದ ಕೊಂದವರು ಯಾರು, ಸತ್ತವರು ಯಾರು ಎಂದು ತಾನಾಗಿ ಹೇಳುವುದಿಲ್ಲ. ಅದನ್ನು ಹೇಳುವುದು 'ಅನ್ನು' ಪ್ರತ್ಯಯ. ಜಾಗ ಉಳಿಸಲು ನೀವು ಮೊದಲು ತೆಗೆಯುವುದು ಅದನ್ನೇ. 'ಚಿರತೆಗೆ ಬಲಿಯಾದ' ಎಂದರೆ ಮೂರು ಅಕ್ಷರ ಹೆಚ್ಚಾದೀತು, ಅಷ್ಟೇ.

'ಅಪರಿಚಿತ ಶವ ಪತ್ತೆ' ಎಂದು ಓದಿದಾಗ, ಈ ವರದಿಗಾರರಿಗೆ ಉಳಿದ ಶವಗಳೆಲ್ಲ ಪರಿಚಯದವೇನೋ ಅನಿಸುತ್ತದೆ. 'ಗುರುತು ಸಿಗದ ಶವ' ಎನ್ನಲು ಏನು ಕಷ್ಟ? ಹಾಗೆಯೇ 'ಮೈದಾನವು ಸಾವಿರಾರು ಜನರಿಗೆ ಸಾಕ್ಷಿಯಾಯಿತು', 'ನಗರ ಭಾರೀ ಮಳೆಗೆ ಸಾಕ್ಷಿಯಾಯಿತು'. ಸಾಕ್ಷಿ ಹೇಳಲು ಮೈದಾನ ಯಾವ ಕೋರ್ಟಿಗೆ ಹೋಯಿತು? ಮೈದಾನದಲ್ಲಿ ಸಾವಿರಾರು ಜನ ಸೇರಿದ್ದರು. ನಗರದಲ್ಲಿ ಭಾರೀ ಮಳೆಯಾಯಿತು. ಇಷ್ಟೇ ಅಲ್ವಾ? ಇಂಗ್ಲಿಷ್ ಸುದ್ದಿಯನ್ನು ರಾತ್ರಿ ಹನ್ನೊಂದು ಗಂಟೆಗೆ ಅವಸರದಲ್ಲಿ ಕನ್ನಡಕ್ಕೆ ಇಳಿಸುವ ಹುಡುಗರ ಕಷ್ಟ ನನಗೆ ಗೊತ್ತು. ಅವರ ಮೇಲೆ ಸಿಟ್ಟಿಲ್ಲ. ಅವರು ಇಳಿಸಿದ್ದನ್ನು ಮತ್ತೊಮ್ಮೆ ಓದಲು ಯಾರನ್ನೂ ಇಡದವರ ಮೇಲೆ ಇದೆ.

ಕಂಪ್ಯೂಟರ್ ಬಂದು ಹಾಳಾಯಿತು ಎನ್ನುವ ಗುಂಪಿಗೆ ನನ್ನನ್ನು ಸೇರಿಸಬೇಡಿ. 'ನುಡಿ' ತಂತ್ರಾಂಶದಲ್ಲಿ ನಾವು ಟೈಪ್ ಮಾಡುವ ಕೀಲಿಮಣೆಯ ವಿನ್ಯಾಸ ಕೊಟ್ಟವರೇ ಮಂಗಳೂರು ಹತ್ತಿರದ ಕಿನ್ನಿಕಂಬಳದ ಕೆ.ಪಿ. ರಾವ್. ಅವರು ತಮ್ಮ ಕನ್ನಡ ತಂತ್ರಾಂಶಕ್ಕೆ ಇಟ್ಟ ಹೆಸರು 'ಸೇಡಿಯಾಪು'. ನಮ್ಮ ಕಡೆಯ ದೊಡ್ಡ ಪಂಡಿತ ಸೇಡಿಯಾಪು ಕೃಷ್ಣ ಭಟ್ಟರ ಹೆಸರು. ವ್ಯಾಕರಣವನ್ನೂ ಯಂತ್ರವನ್ನೂ ಒಂದೇ ಹೆಸರಿನಲ್ಲಿ ಕಟ್ಟಿದ ಊರು ಇದು. ಆದರೆ ಯಂತ್ರ ಎಲ್ಲಿ ಎಡವುತ್ತದೆ ಎಂದು ತಿಳಿದಿರಬೇಕು. ಹಳೆಯ ಫಾಂಟುಗಳಲ್ಲಿ ಅಕ್ಷರ ಎಂದರೆ ತುಂಡು ತುಂಡು ಆಕಾರ. ಅರ್ಕಾವತ್ತು ಅಕ್ಷರದ ಹಿಂದೆ ಬರುವ ಒಂದು ಬೇರೆ ತುಂಡು. ಈಗಿನ ಯೂನಿಕೋಡ್ ಪದ್ಧತಿಯಲ್ಲಿ ಹಾಗಲ್ಲ, ಉಚ್ಚಾರದ ಹಾಗೆ 'ರ್' ಮೊದಲು ಬರುತ್ತದೆ. ಒಂದರಿಂದ ಇನ್ನೊಂದಕ್ಕೆ ಬದಲಿಸುವಾಗ ಆ 'ರ್' ಕೆಲವೊಮ್ಮೆ ಪಕ್ಕದ ಅಕ್ಷರಕ್ಕೆ ಹಾರುತ್ತದೆ. ಒತ್ತು ಉದುರುತ್ತದೆ. ಲೇಖಕರು ಸರಿಯಾಗಿಯೇ ಬರೆದು ಕೊಟ್ಟ ಪುಸ್ತಕ ಅಚ್ಚಾಗುವಾಗ ತಪ್ಪಾಗುವುದು ಹೀಗೆ. ಕಾಗುಣಿತ ತಿದ್ದುವ ತಂತ್ರಾಂಶ ಹಾಕಿದ್ದೇವೆ ಎನ್ನುತ್ತೀರಿ. ಗ್ರಹವೂ ಸರಿಯಾದ ಪದ, ಗೃಹವೂ ಸರಿಯಾದ ಪದ. ಕೃತಘ್ನ ಎಂಬುದು ನಿಘಂಟಿನಲ್ಲೇ ಇದೆ. ಪದವನ್ನು ಮಾತ್ರ ನೋಡುವ ಯಂತ್ರ ಅದಕ್ಕೆ ಯಾಕೆ ಕೆಂಪು ಗೆರೆ ಎಳೆಯುತ್ತದೆ?

ಇನ್ನೊಂದು ವಿಷಯವನ್ನೂ ಹೇಳದಿದ್ದರೆ ತಪ್ಪಾಗುತ್ತದೆ. ತಿದ್ದುವವರೂ ಹಾಳು ಮಾಡುತ್ತಾರೆ. ಕೆಲಸ ಕಲಿತ ಹೊಸತರಲ್ಲಿ ಒಂದು ಕಥಾಸಂಕಲನ ನನ್ನ ಕೈಗೆ ಬಂತು. ಲೇಖಕರು ಕುಂದಾಪುರ ಕಡೆಯವರು. ಕಥೆಯ ಅಜ್ಜಿ ಮಾತುಮಾತಿಗೆ 'ಎಂತ' ಎನ್ನುತ್ತಿದ್ದಳು. ನಾನು ಭಾರೀ ಬುದ್ಧಿವಂತನ ಹಾಗೆ ಎಲ್ಲ ಕಡೆ 'ಏನು' ಮಾಡಿದೆ. ಪ್ರೂಫ್ ನೋಡಿದ ಲೇಖಕರು ಬಸ್ಸು ಹಿಡಿದು ಬಂದರು. 'ನನ್ನ ಅಜ್ಜಿ ಬೆಂಗಳೂರಿಗೆ ಹೋದವಳೇ ಅಲ್ಲ ಮಾರಾಯ' ಎಂದರು. ಅಷ್ಟೇ. ಮತ್ತೆ ಕೂತು ಒಂದೊಂದೇ ಮೊಳೆ ಬದಲಿಸಿದೆವು. ಊರಿನ ಮಾತು ತಪ್ಪಲ್ಲ ಎಂದು ನನಗೆ ಆ ದಿನ ತಿಳಿಯಿತು. ನಮ್ಮಲ್ಲಿ 'ಆಟ' ಎಂದರೆ ಯಕ್ಷಗಾನ, 'ತಿರುಗಾಟ' ಎಂದರೆ ಮೇಳದ ಆ ವರ್ಷದ ಸಂಚಾರ. 'ಭೂತ' ಎಂದರೆ ನಾವು ಕೈಮುಗಿಯುವ ದೈವ, ದೆವ್ವ ಅಲ್ಲ. ಇದು ಗೊತ್ತಿಲ್ಲದವರ ಕೈಗೆ ಪ್ರೂಫ್ ಕೊಟ್ಟರೆ ಕಾಗುಣಿತ ಸರಿ ಇರುತ್ತದೆ, ಊರೇ ಇರುವುದಿಲ್ಲ.

ಎರಡೂ ಸರಿ ಎನ್ನುವ ಜಾಗಗಳೂ ಉಂಟು. ಅಂತಾರಾಷ್ಟ್ರೀಯವೋ ಅಂತರರಾಷ್ಟ್ರೀಯವೋ ಎಂದು ಪಂಡಿತರು ಜಗಳಾಡಲಿ. ನೀವು ಒಂದನ್ನು ಹಿಡಿದುಕೊಳ್ಳಿ. ಒಂದೇ ಪುಟದಲ್ಲಿ ಮೂಡುಬಿದಿರೆ, ಮೂಡಬಿದಿರೆ, ಮೂಡಬಿದ್ರಿ ಎಂದು ಮೂರು ಊರು ಮಾಡಬೇಡಿ. ಸಾವಿರ ಕಂಬದ ಬಸದಿ ಇರುವುದು ಒಂದೇ ಊರಿನಲ್ಲಿ.

ಈಗ ಕೇಳಿಕೊಳ್ಳುವುದು.

ಅಚ್ಚಿಗೆ ಹೋಗುವ ಮೊದಲು ಕೊನೆಯ ಓದು ಯಾರದ್ದು ಎಂದು ಒಬ್ಬರ ಹೆಸರು ಹೇಳಿ ನಿಗದಿ ಮಾಡಿ. 'ಎಲ್ಲರೂ ನೋಡಿ' ಬೇಡ. ಆ ಒಬ್ಬರು ಲೇಖಕರಾಗಿರಬಾರದು, ತಾನು ಬರೆದದ್ದನ್ನು ಓದುವಾಗ ಮನಸ್ಸಿನಲ್ಲಿ ಇದ್ದದ್ದೇ ಕಾಣುತ್ತದೆ. ಡಿಟಿಪಿ (ಕಂಪ್ಯೂಟರಿನಲ್ಲಿ ಟೈಪ್ ಮಾಡಿ ಪುಟ ಕಟ್ಟುವ ಕೆಲಸ) ಮಾಡಿದವರೂ ಬೇಡ, ಅವರ ಕಣ್ಣು ಸೋತಿರುತ್ತದೆ. ಪರದೆಯ ಮೇಲೆ ಓದದೆ ಕಾಗದದಲ್ಲಿ ಅಚ್ಚು ತೆಗೆದು, ಅಡಿಪಟ್ಟಿ ಇಟ್ಟುಕೊಂಡು ಸಾಲು ಸಾಲಾಗಿ ಓದಲಿ. ಸಣ್ಣ ಅಕ್ಷರಕ್ಕಿಂತ ದಪ್ಪ ಅಕ್ಷರವನ್ನು ಹೆಚ್ಚು ನೋಡಲಿ. ತಪ್ಪು ಅಡಗಿ ಕೂರುವುದು ಶೀರ್ಷಿಕೆಯಲ್ಲಿ, ಫೋಟೊದ ಅಡಿಯಲ್ಲಿ, ಬೆನ್ನಪುಟದಲ್ಲಿ. ಅಷ್ಟು ದೊಡ್ಡದರಲ್ಲಿ ತಪ್ಪು ಇರಲಿಕ್ಕಿಲ್ಲ ಎಂದು ಎಲ್ಲರೂ ಬಿಟ್ಟಿರುತ್ತಾರೆ.

ಆ ಕೆಲಸಕ್ಕೆ ದುಡ್ಡು ಕೊಡಿ. ಇದನ್ನು ಹೇಳಲು ನನಗೆ ಸಂಕೋಚವಿಲ್ಲ, ನನಗೆ ಇನ್ನು ಕೆಲಸ ಬೇಡ. ವೇದಿಕೆಯ ಹೂವಿಗೆ, ಶಾಲಿಗೆ, ಫ್ಲೆಕ್ಸಿಗೆ ಆಗುವ ಖರ್ಚಿನಲ್ಲಿ ಸ್ವಲ್ಪ ಈ ಕಡೆ ಬರಲಿ. ಪುಟಕ್ಕಿಷ್ಟು ಎಂದು ಮೊದಲೇ ಮಾತಾಡಿ. 'ನೀವು ಕನ್ನಡ ಎಂ.ಎ. ಅಲ್ವಾ, ಸುಮ್ನೆ ಒಮ್ಮೆ ಕಣ್ಣಾಡಿಸಿ ಕೊಡಿ' ಎಂದು ಕಾಲೇಜಿನ ಮೇಡಂಗೆ ರಾತ್ರಿ ಒಂಬತ್ತಕ್ಕೆ ಪಿಡಿಎಫ್ ಕಳಿಸಿ ಬೆಳಿಗ್ಗೆ ಆರಕ್ಕೆ ಕೇಳಬೇಡಿ. ಸಮಿತಿಯವರೇ, ಈ ಮಾತು ನಿಮಗೆ. ಬ್ರಹ್ಮಕಲಶದ ಮುಹೂರ್ತ ಆರು ತಿಂಗಳ ಮೊದಲೇ ಗೊತ್ತಿರುತ್ತದೆ, ಸಂಚಿಕೆಯ ಲೇಖನಗಳು ಮಾತ್ರ ಹಿಂದಿನ ವಾರ ಪ್ರೆಸ್ಸಿಗೆ ಬರುತ್ತವೆ.

ಮತ್ತೆ, ಹೆಸರು ಹಾಕಿ. ಪುಸ್ತಕದ ಎರಡನೇ ಪುಟದಲ್ಲಿ ಮುಖಪುಟ ಮಾಡಿದವರ ಹೆಸರಿದೆ, ಫೋಟೊ ತೆಗೆದವರದ್ದಿದೆ, ಕಾಗದದ ತೂಕ ಎಷ್ಟು ಜಿಎಸ್‌ಎಂ ಎಂದೂ ಇದೆ. ಕರಡು ತಿದ್ದಿದವರ ಹೆಸರು ಹೆಚ್ಚಿನ ಕಡೆ ಇಲ್ಲ. ನಾನು ನೋಡಿದ ಪುಸ್ತಕಗಳಲ್ಲಿ ನನ್ನ ಹೆಸರು ಬಂದದ್ದು ನಾಲ್ಕರಲ್ಲಿ. ಆ ನಾಲ್ಕನ್ನು ನಾನು ಬೇರೆಯವಕ್ಕಿಂತ ಒಂದು ಸಲ ಹೆಚ್ಚು ಓದಿದ್ದೆ. ಸ್ವಾರ್ಥ ಅಂದುಕೊಳ್ಳಿ, ಆದರೆ ಹೆಸರು ಬೀಳುತ್ತದೆ ಎಂದರೆ ಯಾರೂ ಹಾಗೆಯೇ.

ಹಳೆಯ ಪುಸ್ತಕಗಳ ಕೊನೆಯಲ್ಲಿ 'ತಪ್ಪು – ಒಪ್ಪು' ಎಂದು ಒಂದು ಹಾಳೆ ಇರುತ್ತಿತ್ತು. ಇಂಥ ಪುಟ, ಇಂಥ ಸಾಲು, ಹೀಗಿದೆ, ಹೀಗಿರಬೇಕು. ಅಚ್ಚಾದ ಮೇಲೆ ಕಂಡದ್ದನ್ನು ನಾಚಿಕೆ ಬಿಟ್ಟು ಒಪ್ಪಿಕೊಳ್ಳುತ್ತಿದ್ದರು. ಅದು ಮತ್ತೆ ಬರಲಿ. ಪತ್ರಿಕೆಗಳಲ್ಲೂ ನಿನ್ನೆಯ ತಪ್ಪಿಗೆ ಇವತ್ತು ನಾಲ್ಕು ಸಾಲಿನ ಜಾಗ ಇರಲಿ, ಎಲ್ಲರಿಗೂ ಕಾಣುವ ಪುಟದಲ್ಲಿ.

ಮಾಸ್ಟ್ರ ಪುಸ್ತಕದ ಒಂದು ಪ್ರತಿ ನನ್ನ ಮೇಜಿನ ಮೇಲಿದೆ. ಬಿಡುಗಡೆ ಚೆನ್ನಾಗಿಯೇ ಆಯಿತು. ಚೀಟಿ ಅಂಟಿಸಿದ್ದು ಯಾರಿಗೂ ಗೊತ್ತಾಗಲಿಲ್ಲ. ಬಂದವರೆಲ್ಲ ಒಂದೊಂದು ಪ್ರತಿ ಹಿಡಿದುಕೊಂಡು ಮನೆಗೆ ಹೋದರು. ಈಗ ಮಳೆ ಶುರುವಾಗಿದೆ. ನಮ್ಮ ಊರಿನ ಮಳೆಗಾಲದಲ್ಲಿ ಕಾಗದ ಹೇಗೆ ಬೆವರುತ್ತದೆ ಎಂದು ಪ್ರೆಸ್ಸಿನವರಿಗೆ ನಾನು ಹೇಳಬೇಕಾಗಿಲ್ಲ. ನಿನ್ನೆ ಮೂರನೇ ಪುಟ ತೆರೆದೆ. ಚೀಟಿಯ ಬಲಗಡೆಯ ಮೂಲೆ ಎದ್ದಿದೆ. ಅಡಿಯಲ್ಲಿ 'ಘ್ನರು' ಕಾಣುತ್ತಿದೆ. ಇನ್ನು 499 ಮನೆಗಳಲ್ಲಿ ಎಷ್ಟು ಎದ್ದಿವೆಯೋ.

ಇತಿ,
ನಿವೃತ್ತ ಪ್ರೂಫ್ ರೀಡರ್ ಒಬ್ಬ
ಮಂಗಳೂರು